ಕಾಟಾ ಚೀಟಿಯ ಕೊನೆಯ ಸಾಲು

ಶಹಾಪುರ
ರವಿವಾರ, ೧೩ ಏಪ್ರಿಲ್ ೨೦೨೫

ಪ್ರೀತಿಯ ಮದೀನಾ,

ನಿನ್ನ ಸುಂದ್ರಿಯ ಸಲಾಮು. ಪುಣೆಯಲ್ಲಿ ನಿನ್ನ ಹಿರಿಮಗಳ ಹೆರಿಗೆ ಸುಸೂತ್ರವಾಗಿ ಆಯಿತು, ಹೆಣ್ಣು ಕೂಸು, ಅಜ್ಜಿಯ ಮೂಗೇ ಬಂದಿದೆ ಎಂದು ನಿನ್ನ ಅತ್ತೆ ದಾವಲಬೀ ಹೇಳಿದರು. ಪಾಪ, ಆ ಮೂಗು ಬಿಟ್ಟು ಬೇರೇನಾದರೂ ಬರಬಾರದಿತ್ತೇ ಎಂದುಕೊಂಡೆ. ಕೂಸಿಗೆ ನನ್ನ ಮುದ್ದು. ಬಾಣಂತಿಗೆ ಅಳವಿ ಪಾಯಸ ಮಾಡಿ ಹಾಕು, ತಣ್ಣೀರು ಮುಟ್ಟಗೊಡಬೇಡ.

ಕಾಗದ ತಡವಾಯಿತು, ಸಿಟ್ಟಾಗಬೇಡ. ಹದಿನೈದು ದಿನದಿಂದ ಬರೆಯಲು ಕೂರುವುದು, ಏಳುವುದು, ಇಷ್ಟೇ ಆಗಿದೆ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಆ ಫೋನು ಟಿಂಗ್ ಎಂದರೆ ಸಾಕು, ಈಗ ನನ್ನ ಎದೆ ಧಸಕ್ ಎನ್ನುತ್ತದೆ. ವಾಟ್ಸಾಪಿನಲ್ಲಿ ಬರೆದ ಮಾತು ಯಾರ ಕೈಗೆ ಹೋಗಿ ಯಾವ ರೂಪದಲ್ಲಿ ತಿರುಗಿ ಬರುತ್ತದೋ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ನಿನ್ನ ಫೋನಂತೂ ಅಳಿಯ, ಮೊಮ್ಮಕ್ಕಳು ಎಲ್ಲರ ಕೈಯಲ್ಲೂ ಆಡುತ್ತಿರುತ್ತದೆ. ಅದಕ್ಕೇ ಹಾಳೆ ಹಿಡಿದಿದ್ದೇನೆ. ಬಾಗಿಲಿಗೆ ಅಗಳಿ ಹಾಕಿ, ಮಟಮಟ ಮಧ್ಯಾಹ್ನ ಬರೆಯುತ್ತಿದ್ದೇನೆ. ಓಣಿಯಲ್ಲಿ ಬೈಕ್ ನಿಂತ ಸದ್ದಾದರೆ ಹಾಳೆಯನ್ನು ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ತಳ್ಳುತ್ತೇನೆ. ಕೆಂಭಾವಿ ಶಾಲೆಯಲ್ಲಿ ಮಾಸ್ತರ ಕಣ್ಣು ತಪ್ಪಿಸಿ ನಾವಿಬ್ಬರೂ ಚೀಟಿ ದಾಟಿಸುತ್ತಿದ್ದೆವಲ್ಲ, ಹಾಗೆ. ಆಗ ಅಂಜಿಕೆಯಲ್ಲಿ ಮಜಾ ಇತ್ತು. ಈಗ ಬರೀ ಅಂಜಿಕೆ ಉಳಿದಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ನೀನು ಗಾಬರಿಯಾಗಿ ಅರ್ಧಕ್ಕೇ ಅಳಬಾರದು. ನಿನ್ನ ಕಿರಿಮಗಳು ಸಾಬೇರಾ ಮೈಯಲ್ಲಿ ಆರಾಮವಾಗಿದ್ದಾಳೆ. ಆದರೆ ಹನ್ನೆರಡು ದಿನದಿಂದ ಮಿಲ್ಲಿನ ಕೆಲಸಕ್ಕೆ ಹೋಗಿಲ್ಲ, ಮನೆಯ ಹೊಸ್ತಿಲನ್ನೂ ದಾಟಿಲ್ಲ. "ಅಮ್ಮೀಗ ಹೇಳಬ್ಯಾಡ್ರಿ ಚಿಗವ್ವ" ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಆ ಆಣೆಯನ್ನು ಈಗ ಮುರಿಯುತ್ತಿದ್ದೇನೆ. ಅವಳು ಮಾಡದ ತಪ್ಪು ಅವಳ ತಲೆಯ ಮೇಲೆ ಬಂದಿದೆ. ಮಾಡಿದವಳು ನಾನು.

ನಮ್ಮ ಜಿನ್ನಿಂಗ್ ಮಿಲ್ಲಿನ ತೂಕದ ಕಾಟಾ ನಿನಗೆ ನೆನಪಿರಬೇಕು. ಒಮ್ಮೆ ನೀನೇ ಅದರ ಮೇಲೆ ನಿಂತು, ಅದು ಎಪ್ಪತ್ತು ಕಿಲೋ ತೋರಿಸಿದ್ದಕ್ಕೆ ಕಾಟಾವೇ ಸುಳ್ಳು ಎಂದು ಜಗಳ ತೆಗೆದಿದ್ದೆ. ಹತ್ತಿ ಹೇರಿದ ಟ್ರ್ಯಾಕ್ಟರು ಅದರ ಮೇಲೆ ಬಂದು ನಿಲ್ಲುತ್ತದೆ. ನಾನೋ ಸಾಬೇರಾಳೋ ಕಿಟಕಿಯ ಒಳಗೆ ಕೂತು, ಕಂಪ್ಯೂಟರಿನಲ್ಲಿ ತೂಕ ಹಿಡಿದು, ಚೀಟಿ ಮುದ್ರಿಸಿ ರೈತರಿಗೆ ಕೊಡುತ್ತೇವೆ. ಚೀಟಿಯ ತುದಿಯಲ್ಲಿ ಒಂದು ಸಾಲಿನ ಜಾಗವಿದೆ. ನಲವತ್ತು ಅಕ್ಷರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಅಲ್ಲಿ ಹಬ್ಬದ ಶುಭಾಶಯ ಹಾಕುವುದು ಹಿರಿಯ ಸಾವ್ಕಾರರು ಮಾಡಿಟ್ಟ ಪದ್ಧತಿ. ದೀಪಾವಳಿಗೆ ದೀಪಾವಳಿ, ಬಸವ ಜಯಂತಿಗೆ ಬಸವ ಜಯಂತಿ, ಬಕ್ರೀದಿಗೆ ಬಕ್ರೀದು. ಹತ್ತೊಂಬತ್ತು ವರ್ಷದಿಂದ ಆ ಸಾಲು ಬದಲಿಸುವವಳು ನಾನು. ಕಕ್ಕೇರಾ ಕಡೆಯ ಒಬ್ಬ ರೈತ ಅಷ್ಟೂ ವರ್ಷದ ಚೀಟಿಗಳನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ ಎಂದು ಹೇಳಿದ್ದ. ನನಗೆ ಅದರ ಜಂಭ ಬೇರೆ.

ಸಂಕ್ರಾಂತಿಯ ಹೊತ್ತಿಗೆ ಸಾಬೇರಾ ಒಂದು ಮಾತು ಅಂದಿದ್ದಳು. "ಚಿಗವ್ವ, ಎಲ್ಲಾದಕ್ಕೂ ಒಂದ ಸಾಲ ಇಟ್ಟುಬಿಡೂಣು. 'ಹಬ್ಬದ ಶುಭಾಶಯಗಳು' ಅಂತ. ಯಾ ಹಬ್ಬ ಅಂತ ಹೆಸರ ಬ್ಯಾಡ." ನಾನು ಸುಮ್ಮನಿರುವ ಹೆಂಗಸೇ? "ಹೆಸರಿಲ್ಲದ ಶುಭಾಶಯ ಯಾರ ಮನೀಗಿ ಹೋಗಬೇಕವ್ವ? ನಿಮ್ಮ ಹಬ್ಬಕ್ಕ ನಿಮ್ಮ ಹೆಸರು, ನಮ್ಮ ಹಬ್ಬಕ್ಕ ನಮ್ಮ ಹೆಸರು. ಯಾರಪ್ಪಂದೇನು ಗಂಟು ಹೋಗ್ತದ?" ಎಂದು ದಬಾಯಿಸಿದೆ. ಅವಳು ನಕ್ಕಳು. "ನಿಮಗ ತಿಳೀವಲ್ದು ಬಿಡ್ರಿ," ಅಂದಳು. ಕೆಲಸ ಉಳಿಸಲು ಹೇಳುತ್ತಿದ್ದಾಳೆ, ಈಗಿನ ಹುಡುಗಿಯರ ಆಲಸ್ಯ ಎಂದುಕೊಂಡಿದ್ದೆ. ಅವಳಿಗೆ ಆಗಲೇ ಅಂಜಿಕೆ ಇತ್ತು ಎಂಬುದು ನನಗೆ ಹೊಳೆಯಲೇ ಇಲ್ಲ.

ಇನ್ನೊಂದು ಸಂಗತಿ ನಿನಗೆ ಗೊತ್ತಿರಲಿಕ್ಕಿಲ್ಲ. ಮೂರು ವರ್ಷದ ಹಿಂದೆ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರು ಹಾಕಿದಾಗ ಒಬ್ಬೊಬ್ಬರೂ ತಮ್ಮ ಹೆಸರು, ಪಾಸ್‌ವರ್ಡು ಕೊಟ್ಟು ಒಳಗೆ ಹೋಗಬೇಕು ಎಂದಾಯಿತು. ನಾನು ನನ್ನ ಪಾಸ್‌ವರ್ಡನ್ನು ಮೂರು ಸಲ ಮರೆತೆ. ನಾಲ್ಕನೆಯ ಸಲ ಅದು ನನ್ನನ್ನು ಒಳಗೇ ಬಿಡಲಿಲ್ಲ. "ನನ್ನ ಹೆಸರ್ನಾಗ ಕೂಡ್ರಿ ಚಿಗವ್ವ, ಏನಾಗ್ತದ," ಅಂದಳು ನಿನ್ನ ಮಗಳು. ಅವತ್ತಿನಿಂದ ಇಬ್ಬರೂ ಅವಳ ಹೆಸರಿನಲ್ಲೇ ಕೆಲಸ ಮಾಡುತ್ತಿದ್ದೆವು. ಯಾರು ಕೂತರೂ ಚೀಟಿಯ ಮೇಲೆ "ಆಪರೇಟರ್: ಸಾಬೇರಾ" ಎಂದೇ ಬರುತ್ತಿತ್ತು. ಮಿಲ್ಲಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ಇದು.

ಈ ಸಲ ಯುಗಾದಿ ರವಿವಾರ, ರಂಜಾನ್ ಸೋಮವಾರವೋ ಮಂಗಳವಾರವೋ, ಚಂದ್ರ ಕಂಡಂತೆ. ರವಿವಾರ ಮಿಲ್ಲಿಗೆ ರಜೆ, ಸೋಮವಾರ ನಿಮ್ಮವರಿಗೆ ಮಾತ್ರ ರಜೆ. ಶನಿವಾರ ಸಂಜೆ ಮನೆಗೆ ಹೊರಡುವಾಗ ನನಗೊಂದು ವಿಚಾರ ಬಂತು. ಸೋಮವಾರ ಮುಂಜಾನೆ ಗಡಿಬಿಡಿಯಲ್ಲಿ ಮರೆತುಬಿಟ್ಟರೆ? ಸಾಬೇರಾಳೂ ಇರುವುದಿಲ್ಲ, ಅವಳ ಹಬ್ಬದ ಸಾಲು ತಪ್ಪಿಹೋಗುತ್ತದೆ. ಯುಗಾದಿ ಸಾಲು ಶುಕ್ರವಾರ, ಶನಿವಾರ ಹೇಗೂ ಬಂದಾಗಿದೆ. ಹೀಗೆಂದು ಯುಗಾದಿಯನ್ನು ಅಳಿಸಿ "ರಂಜಾನ್ ಹಬ್ಬದ ಹಾರ್ದಿಕ ಶುಭಾಶಯಗಳು" ಎಂದು ಹಾಕಿಟ್ಟು ಬಂದೆ. ಅವಳ ಮೇಲಿನ ಅಕ್ಕರೆಯಿಂದಲೇ ಮಾಡಿದ್ದು, ಮದೀನಾ.

ರವಿವಾರ ಬೆಳಿಗ್ಗೆ ಎಣ್ಣೆ ಸ್ನಾನ ಮುಗಿಸಿ ಬೇವು ಕಲಸಲು ಕೂತಿದ್ದೆ. ಈಗ ಮಿಲ್ಲು ನಡೆಸುವ ಲಕ್ಷ್ಮಿಕಾಂತ ಸಾವ್ಕಾರರ ಫೋನು ಬಂತು. "ಸುಂದ್ರಮ್ಮಾರ, ನಿನ್ನಿ ಯಂತ್ರ ಕೆಟ್ಟು ನಿಂತಿದ್ದು ಹನ್ನೊಂದ ಟ್ರ್ಯಾಕ್ಟರ್ ಗೇಟಿನ್ಯಾಗ ಹಂಗೇ ಅವ. ಹಬ್ಬದ ದಿನ ರೈತರ್ನ ಹಾದ್ಯಾಗ ಕುಂದ್ರಸಬಾರದ್ರಿ. ಒಂದ ತಾಸು ಬಂದು ತೂಕ ಮಾಡಿ ಕಳಿಸಿಬಿಡ್ರಿ." ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಹೋದೆ. ಸಾಬೇರಾ ಮನೆಯಲ್ಲಿ ರೋಜಾ ಹಿಡಿದು ಕೂತಿದ್ದಳು, ಅವಳಿಗೆ ಈ ಸುದ್ದಿಯೇ ಇಲ್ಲ. ಗೇಟಿನ ಕಾವಲಿಗೆ ದಸ್ತಗೀರಸಾಬ ಒಬ್ಬನೇ ಇದ್ದ. ಕಂಪ್ಯೂಟರು ತೆರೆದೆ, ಹನ್ನೊಂದು ಚೀಟಿ ತೆಗೆದೆ, ರೈತರ ಕೈಗೆ ಕೊಟ್ಟೆ. ತೂಕ ನೋಡಿದೆನೇ ಹೊರತು ಕೊನೆಯ ಸಾಲು ನೋಡಲಿಲ್ಲ. ಹತ್ತೊಂಬತ್ತು ವರ್ಷ ಬರೆದವಳಿಗೆ ಅದನ್ನು ಓದುವ ರೂಢಿಯೇ ತಪ್ಪಿಹೋಗಿತ್ತು.

ಊಟದ ಹೊತ್ತಿಗೆ ಒಂದು ಚೀಟಿಯ ಫೋಟೋ ನನ್ನ ಫೋನಿಗೇ ಬಂತು. ಯಾವನೋ ರೈತನ ಮಗ ಹಾಕಿದ್ದು. "ನಮ್ಮ ಮಿಲ್ಲಿನವರಿಗೆ ಯುಗಾದಿ ಮರ್ತೇ ಹೋಗ್ಯಾದ" ಎಂದು ಬರೆದು ನಗುವ ಮುಖ ಹಾಕಿದ್ದ. ನಾನೂ ನಕ್ಕು ನಾಲಿಗೆ ಕಚ್ಚಿಕೊಂಡೆ. ನಾಲ್ಕು ಗಂಟೆಗೆ ಅದೇ ಫೋಟೋ ಬೇರೆ ಗುಂಪಿನಿಂದ ಬಂತು. ನಗುವ ಮುಖ ಇರಲಿಲ್ಲ, "ಬೇಕಂತಲೇ ಮಾಡ್ಯಾರ" ಎಂದಿತ್ತು. ದೀಪ ಹಚ್ಚುವ ಹೊತ್ತಿಗೆ ಮೂರನೆಯ ಸಲ ಬಂದಾಗ ಸಾಬೇರಾಳ ಹೆಸರಿನ ಸುತ್ತ ಕೆಂಪು ಗೆರೆ ಎಳೆದಿದ್ದರು. ತಿನ್ನುತ್ತಿದ್ದ ಹೋಳಿಗೆಯನ್ನು ತಾಟಿನಲ್ಲೇ ಬಿಟ್ಟು ಎದ್ದೆ.

ನನ್ನ ಗಂಡ ಮರಿಲಿಂಗನಿಗೆ ತೋರಿಸಿದೆ. ಅವನ ಚಹಾದ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗಿದೆ, ಊರಿನ ಹುಡುಗರೆಲ್ಲ ಕೂರುವ ಜಾಗ. ಅವನು ಫೋನನ್ನು ಮಗುಚಿ ಇಟ್ಟು, "ಇದರಾಗ ನಿನ್ನ ಹೆಸರ ಎಲ್ಲೂ ಇಲ್ಲ. ಸುಮ್ನ ಇರು," ಅಂದ. ಅವನು ಕೆಟ್ಟವನಲ್ಲ, ನಿನಗೂ ಗೊತ್ತು. ಅಂಜಿದ್ದ.

ಸೋಮವಾರ ಸಾವ್ಕಾರರು ಮಿಲ್ಲು ತೆರೆಯಲಿಲ್ಲ. ಮಂಗಳವಾರ ಹತ್ತು ಗಂಟೆಗೆ ಏಳು ಬೈಕು ಬಂದವು. ಹದಿಮೂರು ಜನ. ಸಾವ್ಕಾರರು ಅವರನ್ನು ಆಫೀಸಿಗೆ ಕರೆದು ಚಹಾ ತರಿಸಿದರು. ಯಾರೂ ಮುಟ್ಟಲಿಲ್ಲ. ಅವರ ಮುಂದಾಳು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಬಹಳ ಮೆಲ್ಲಗೆ ಮಾತಾಡಿದ. ಕೂಗಾಡಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ಸಾವ್ಕಾರ್ರ, ನಮಗ ಜಗಳ ಬ್ಯಾಡ್ರಿ. ಹೆಸರು ಚೀಟಿ ಮ್ಯಾಲೇ ಅದ. ಆಕಿನ್ನ ಕರೀರಿ. ತಪ್ಪಾಗ್ಯಾದ ಅಂತ ಬರದು ಕೊಡ್ಲಿ, ನಾವು ಹೋಗ್ತೀವಿ."

ಸಾಬೇರಾಳನ್ನು ಕರೆಸಿದರು. ಹಬ್ಬಕ್ಕೆ ಹಾಕಿಕೊಂಡ ಮದರಂಗಿ ಕೈಯಲ್ಲಿ ಇನ್ನೂ ಕೆಂಪಗಿತ್ತು. ಲಕ್ಷ್ಮಿಕಾಂತರು ಅವಳ ಮುಖ ನೋಡದೆ, "ಇದು ನೀ ಹಾಕಿದ್ದೇನವ್ವ?" ಎಂದು ಕೇಳಿದರು.

ನಾನು ಪ್ರಿಂಟರಿನ ಹತ್ತಿರ, ಅವಳಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. "ನಾನ್ರಿ" ಎಂದರೆ ಮುಗಿಯುತ್ತಿತ್ತು. ಒಂದೇ ಮಾತು. ಜಿನ್ನಿಂಗ್ ಯಂತ್ರದ ಸದ್ದನ್ನೂ ಮೀರಿ ಕೇಳುವ ಬಾಯಿ ನನ್ನದು ಎಂದು ನೀನೇ ಚೇಷ್ಟೆ ಮಾಡುತ್ತಿದ್ದೆಯಲ್ಲ, ಆ ಬಾಯಿ ತೆರೆಯಲಿಲ್ಲ. ಮರಿಲಿಂಗನ ಅಂಗಡಿ ಕಣ್ಣ ಮುಂದೆ ಬಂತು. ಕೆಂಪು ಗೆರೆಯೊಳಗೆ ನನ್ನ ಹೆಸರು ಬಂದ ಹಾಗೆ ಕಂಡಿತು. ಬಾಗಿಲಲ್ಲಿ ನಿಂತ ದಸ್ತಗೀರಸಾಬ ತನ್ನ ಬೂಟನ್ನೇ ನೋಡುತ್ತಿದ್ದ. ಹಮಾಲರನ್ನು ನೋಡಿಕೊಳ್ಳುವ ಮುಕ್ಕಡಮ ಮಾನಪ್ಪ ನನ್ನ ಕಡೆ ಒಮ್ಮೆ ನೋಡಿ ಕಣ್ಣು ತೆಗೆದ.

ಸಾಬೇರಾ ನನ್ನ ಕಡೆ ನೋಡಲೇ ಇಲ್ಲ. "ಹೆಸರು ನಂದ ಅದ್ರಿ. ತಪ್ಪು ನಂದ," ಅಂದಳು. ಕೂತು ಬರೆದಳು. "ಬೇಕಂತ ಮಾಡಿಲ್ಲ, ಗೊತ್ತಿಲ್ಲದೆ ಆಗಿದೆ" ಎಂದು ಬರೆದ ಸಾಲಿನ ಮೇಲೆ ಮುಂದಾಳು ಬೆರಳಿಟ್ಟ. "ಇದೊಂದ ಬ್ಯಾಡ." ಅವಳು ಅದನ್ನು ಹೊಡೆದುಹಾಕಿ ಸಹಿ ಮಾಡಿದಳು. ಅವರು ಆ ಹಾಳೆಯ ಫೋಟೋ ತೆಗೆದುಕೊಂಡು, ಸಾವ್ಕಾರರಿಗೆ ಕೈ ಮುಗಿದು ಹೋದರು. ಮಧ್ಯಾಹ್ನದೊಳಗೆ ಅದೂ ಊರೆಲ್ಲ ತಿರುಗಿತು. ಸಾವ್ಕಾರರು "ನಾಕ ದಿನ ಮನ್ಯಾಗ ಇರವ್ವ, ತಣ್ಣಗಾಗ್ಲಿ," ಎಂದು ಅವಳನ್ನು ಕಳಿಸಿದರು. ನಾಲ್ಕು ದಿನ ಹೋಗಿ ಹನ್ನೆರಡಾಯಿತು, ಕರೆ ಬಂದಿಲ್ಲ.

ಮಂಗಳವಾರ, ೧೫ ಏಪ್ರಿಲ್

ಮೊನ್ನೆ ಇಲ್ಲಿಗೆ ನಿಂತಿತು. ಬಾಗಿಲು ಬಡಿದರು. ಹಾಳೆ ಡಬ್ಬಿಯ ಕೆಳಗೆ, ಪೆನ್ನು ಕುಬುಸದೊಳಗೆ. ತೆಗೆದರೆ ಮಗ್ಗುಲು ಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಂದಿದ್ದಳು. "ಯಾಕ್ರಿ, ಜ್ವರ ಬಂದಾವೇನು?" ಅಂದಳು ನನ್ನ ಮುಖ ನೋಡಿ. ಹೆಪ್ಪು ಕೊಟ್ಟು ಕಳಿಸಿದೆ. ಆಮೇಲೆ ಪೆನ್ನು ಹಿಡಿಯಲು ಆಗಲಿಲ್ಲ.

ಆ ಮಂಗಳವಾರದ ಮರುದಿನ ಸಾವ್ಕಾರರು ಎಲ್ಲರನ್ನೂ ಆಫೀಸಿಗೆ ಕರೆದು, ಶಟರು ಅರ್ಧ ಎಳೆದು ಮಾತಾಡಿದರು. "ಇನ್ ಮ್ಯಾಲ ಚೀಟಿ ಮ್ಯಾಲ ಯಾ ಹಬ್ಬದ ಹೆಸರೂ ಬ್ಯಾಡ್ರಿ. ವರ್ಷಾ ಪೂರ್ತಿ 'ಶುಭವಾಗಲಿ' ಅಂತ ಒಂದ ಸಾಲ. ಅದರಾಗ ಎಲ್ಲಾರೂ ಬಂದ್ರು."

ಮಾನಪ್ಪ ಸಿಡಿದ. "ಯುಗಾದಿಗಿ ಯುಗಾದಿ ಅನ್ನಾಕ ಯಾಕ ಅಂಜಬೇಕ್ರಿ? ರಂಜಾನಕ್ಕ ರಂಜಾನ್ ಅನ್ನಾಕ ಯಾಕ ಅಂಜಬೇಕು? ಒಂದ ದಿನ ಹೆಚ್ಚುಕಮ್ಮಿ ಆದ್ರ ಪದ್ಧತೀನ ಮುರೀಬೇಕೇನು?"

ದಸ್ತಗೀರಸಾಬ ಮೆಲ್ಲಗೆ ಅಂದ, "ಮಾನಪ್ಪಣ್ಣ, ನಿಂದು ಹಾಕಿಸ್ಕೊಪಾ, ಚಲೋ ಆತು. ನಮ್ಮದು ಬ್ಯಾಡ. ನಮ್ಮ ಹಬ್ಬ ನಮ್ಮ ಮನ್ಯಾಗ ಇರ್ತದ. ಚೀಟಿ ಮ್ಯಾಲ ಬಂದ್ರ ನಮ್ಮ ಮಕ್ಕಳು ಬರದು ಕೊಡಬೇಕಾಗ್ತದ."

ಯಾರು ಸರಿ ಎಂದು ಕೇಳಿದರೆ ನನಗೆ ಈಗಲೂ ಗೊತ್ತಾಗುತ್ತಿಲ್ಲ. ಹೆಸರು ಹಿಡಿದು ಹರಸಿದರೇ ಹಾರೈಕೆ ಎಂದು ನಂಬಿದವಳು ನಾನು. ಯಾರಿಗೂ ನೋವಾಗದಿರಲಿ ಎಂದು ಕೂಡಿ ಕೂತು ಪ್ರೀತಿಯಿಂದ ಹೆಸರು ಬಿಟ್ಟಿದ್ದರೆ ಅದೂ ಒಳ್ಳೆಯದೇ. ಆದರೆ ಈ "ಶುಭವಾಗಲಿ" ಬಂದದ್ದು ಶಟರಿನ ಹಿಂದಿನಿಂದ. ಅದನ್ನು ಟೈಪು ಮಾಡಿದವಳೂ ನಾನೇ. ಈ ಸಲ ನನ್ನ ಹೆಸರಿನಲ್ಲಿ. ಸಾವ್ಕಾರರು ಹೊಸ ಪಾಸ್‌ವರ್ಡು ಮಾಡಿಸಿಕೊಟ್ಟಿದ್ದಾರೆ.

ಆಮೇಲಿನ ದಿನಗಳನ್ನು ಏನೆಂದು ಬರೆಯಲಿ? ದಾರಿಯಲ್ಲಿ ಯಾರಾದರೂ ಫೋನು ಎತ್ತಿ ಹಿಡಿದರೆ ನನ್ನ ಫೋಟೋ ತೆಗೆದರು ಎನಿಸುತ್ತದೆ. ಮರಿಲಿಂಗ ಅಂಗಡಿಯಿಂದ ಬರುವುದು ಅರ್ಧ ತಾಸು ತಡವಾದರೆ ಬಾಗಿಲ ಸಂದಿಗೆ ಕಣ್ಣಿಟ್ಟು ನಿಲ್ಲುತ್ತೇನೆ. ನನಗೇ ಇಷ್ಟಾದರೆ, ಹೆಸರು ಬಯಲಿಗೆ ಬಿದ್ದ ಹುಡುಗಿಗೆ ಹೇಗಿರಬೇಕು ಎಂದು ಯೋಚಿಸಿದಾಗೆಲ್ಲ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ. ನಿಮ್ಮ ಓಣಿಯಲ್ಲಿ ಎರಡು ಬೈಕು ದಿನಾ ಸಂಜೆ ನಿಧಾನಕ್ಕೆ ಹೋಗಿ ತಿರುಗಿ ಬರುತ್ತವಂತೆ. ಏನೂ ಅನ್ನುವುದಿಲ್ಲ, ಏನೂ ಮಾಡುವುದಿಲ್ಲ. ಬರೀ ಹೋಗಿ ಬರುತ್ತವೆ. ದಾವಲಬೀ ಅತ್ತೆ ಆ ಹೊತ್ತಿಗೆ ಕಿಟಕಿ ಮುಚ್ಚಿ ಮೊಮ್ಮಗಳನ್ನು ಒಳಕೋಣೆಯಲ್ಲಿ ಕೂರಿಸಿಕೊಳ್ಳುತ್ತಾರೆ.

ಕಳೆದ ಬುಧವಾರ ತಾಳಲಾರದೆ ಸಾವ್ಕಾರರ ಮುಂದೆ ಹೋಗಿ ನಿಂತೆ. "ಆ ಸಾಲು ಹಾಕಿದಾಕಿ ನಾನ್ರಿ. ಚೀಟಿ ತಗದಾಕೀನೂ ನಾನೇ. ಆ ಹುಡುಗಿ ಅವತ್ತ ಮಿಲ್ಲಿಗೇ ಬಂದಿಲ್ಲ," ಅಂದೆ. ಮಾತು ಹೊರಗೆ ಬಿದ್ದರೆ ಎದೆ ಹಗುರಾದೀತು ಎಂದುಕೊಂಡಿದ್ದೆ. ಅವರಿಗೆ ಆಶ್ಚರ್ಯವೂ ಆಗಲಿಲ್ಲ.

"ನನಗ ಗೊತ್ತಿಲ್ಲೇನ್ರಿ? ನಾನೇ ಅಲ್ಲೇನು ನಿಮಗ ಫೋನ್ ಮಾಡಿ ಕರಸಿದ್ದು? ನೀವು ಬಾಯಿ ಬಿಡ್ತೀರೇನಂತ ಕಾದೆ. ನೀವು ಬಿಡಲಿಲ್ಲ, ನನಗೂ ಧೈರ್ಯ ಬರಲಿಲ್ಲ. ಅವತ್ತ ಹೇಳಿದ್ರ, 'ಹೆಣ್ಮಗಳು, ಹಬ್ಬದ ಗಡಿಬಿಡ್ಯಾಗ ಮರ್ತಾಳ' ಅಂತ ನಕ್ಕೊಂತ ಹೋಗ್ತಿದ್ರು. ಈಗ ಹೇಳಿದ್ರ, ಆಕಿನ್ನ ಉಳಸಾಕ ನಿಮ್ಮ ಕಡಿಂದ ಸುಳ್ಳ ಹೇಳಸಾಕತ್ತೀನಿ ಅಂತಾರ. ಮಿಲ್ಲಿಗೆ ಕಲ್ಲು ಬೀಳ್ತಾವ. ಮನೀಗಿ ಹೋಗ್ರಿ."

ನಗುತ್ತ ಹೋಗುತ್ತಿದ್ದರಂತೆ, ಮದೀನಾ! ಆವತ್ತು ನಾನು ಒಂದು ಮಾತು ಆಡಿದ್ದರೆ ಒಂದು ನಗುವಿನಲ್ಲಿ ಮುಗಿಯುತ್ತಿತ್ತು. ಹೊರಬಂದಾಗ ಗೇಟಿನಲ್ಲಿ ದಸ್ತಗೀರಸಾಬನ ಮೇಲೆ ಸಿಟ್ಟು ಕಾರಿಕೊಂಡೆ. "ನೀನಾದ್ರೂ ಹೇಳಬಾರದಿತ್ತೇನೋ? ನೀ ನೋಡಿದ್ದ್ಯಲ್ಲ?" ಅವನು, "ಅಕ್ಕೋರ, ನೀವ ಹೇಳ್ಲಿಲ್ಲ. ನಾ ಹ್ಯಾಂಗ ಹೇಳ್ಲಿ? ನಾ ಹೇಳಿದ್ರ ಯಾರ ನಂಬ್ತಿದ್ರು?" ಎಂದ.

ಶುಕ್ರವಾರ ಸೆರಗು ಮುಖಕ್ಕೆ ಎಳೆದುಕೊಂಡು ನಿಮ್ಮ ಮನೆಗೆ ಹೋಗಿದ್ದೆ. ಸಾಬೇರಾ ಚಹಾ ಮಾಡಿಕೊಟ್ಟಳು. ಇಳಿದುಹೋಗಿದ್ದಾಳೆ. ಸಾವ್ಕಾರರ ಮುಂದೆ ಹೇಳಿದ್ದನ್ನು ಹೇಳಿದೆ. "ಇರ್ಲಿ ಬಿಡ್ರಿ," ಅಂದಳು. ಬೈದಿದ್ದರೆ ಕಾಲು ಹಿಡಿದು ಅತ್ತುಬಿಡುತ್ತಿದ್ದೆ. ಅವಳು ಬಯ್ಯಲಿಲ್ಲ. ನಿನ್ನ ಬಾಣಂತಿ ಮನೆಗೆ ಈ ಸುದ್ದಿ ಮುಟ್ಟಬಾರದು ಎಂದು ಆಣೆ ಹಾಕಿಸಿದ್ದು ಆಗಲೇ.

ಈಗ ಮುಖ್ಯ ಮಾತು. ಈ ಕಾಗದದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಯುಗಾದಿ ದಿನ ಮಿಲ್ಲಿನ ಕಾಟಾದಲ್ಲಿ ಕೂತವಳು ನಾನು, ಆ ಸಾಲು ಹಾಕಿದವಳು ನಾನು, ಸಾಬೇರಾಳ ಹೆಸರಿನಲ್ಲಿ ಚೀಟಿ ತೆಗೆದವಳು ನಾನು ಎಂದು ದಿನ, ತಾಸು ಸಮೇತ ಬರೆದು ಸಹಿ ಮಾಡಿದ್ದೇನೆ. ಮರಿಲಿಂಗನಿಗೆ ಹೇಳಿಲ್ಲ. ಅದನ್ನು ಪೊಲೀಸರಿಗೆ ಕೊಡುತ್ತೀಯೋ, ವಕೀಲರಿಗೆ ತೋರಿಸುತ್ತೀಯೋ, ನಿಮ್ಮ ಹಿರಿಯರ ಮುಂದಿಡುತ್ತೀಯೋ, ನಿನಗೆ ಬಿಟ್ಟದ್ದು. ಯಾರು ಬಂದು ಕೇಳಿದರೂ ನನ್ನ ಸಹಿ ನನ್ನದೇ ಎನ್ನುತ್ತೇನೆ. ಎಂದೇನೋ ಬರೆದಿದ್ದೇನೆ, ಆ ಹೊತ್ತಿಗೆ ಬಾಯಿ ಬರುತ್ತದೋ ಇಲ್ಲವೋ ಎಂಬ ಅಂಜಿಕೆ ಇದನ್ನು ಬರೆಯುವಾಗಲೂ ಇದೆ. ಅದಕ್ಕೇ ಸಹಿ ಮಾಡಿ ನಿನ್ನ ಕೈಗೆ ಕೊಡುತ್ತಿದ್ದೇನೆ. ನನ್ನ ಕೈಯಲ್ಲಿದ್ದರೆ ಹರಿದುಹಾಕಿಬಿಟ್ಟೇನು.

ಇಲ್ಲಿಯ ಪೋಸ್ಟಿಗೆ ಹಾಕುವುದಿಲ್ಲ, ಅಲ್ಲಿಯವರು ನನ್ನ ಗುರುತಿನವರು. ನಾಳೆ ಬಸ್ಸಿಗೆ ಸುರಪುರಕ್ಕೆ ಹೋಗಿ ರಿಜಿಸ್ಟರ್ ಮಾಡಿಸುತ್ತೇನೆ. ಮುಟ್ಟಿದ ಮೇಲೆ ಫೋನಿನಲ್ಲಿ "ಕೂಸು ನಕ್ಕಿತು" ಎಂದಷ್ಟೇ ಹೇಳು, ತಿಳಿದುಕೊಳ್ಳುತ್ತೇನೆ. ಸಾಬೇರಾಳನ್ನು ಕೆಲವು ದಿನ ಪುಣೆಗೆ ಕರೆಸಿಕೊಂಡರೆ ಒಳ್ಳೆಯದು ಎಂದು ಮನಸ್ಸು ಹೇಳುತ್ತದೆ. ತಪ್ಪು ಮಾಡಿದವಳು ಊರಲ್ಲಿ ಉಳಿದು, ಮಾಡದವಳು ಊರು ಬಿಡಬೇಕೇ ಎಂದೂ ಅದೇ ಮನಸ್ಸು ಕೇಳುತ್ತದೆ.

ಕೂಸು ನೂರು ಕಾಲ ಬಾಳಲಿ. ಬಾಣಂತಿಯ ಮೈ ಬೇಗ ಗಟ್ಟಿಯಾಗಲಿ. ನಿನ್ನ ಮನೆಯ ಮೇಲೆ ಬಿದ್ದ ನನ್ನ ನೆರಳು ಬೇಗ ಸರಿಯಲಿ. ಕ್ಷಮಿಸು ಎಂದು ಕೇಳಲು ಮುಖವಿಲ್ಲ, ಆದರೂ ಕೇಳುತ್ತೇನೆ.

ನಿನ್ನ
ಸುಂದ್ರಮ್ಮ

ತಾ.ಕ.: ಸೋಮವಾರ ಮಿಲ್ಲು ತೆರೆಯಲಿಲ್ಲ ಎಂದು ಬರೆದು ಮುಂದೆ ಹೋಗಿಬಿಟ್ಟೆ. ಆ ದಿನದ ಮಾತು ಬರೆಯದೆ ಕವರಿಗೆ ಅಂಟು ಹಾಕಲು ಕೈ ಬರುತ್ತಿಲ್ಲ.

ಸಾಬೇರಾ ಪ್ರತಿ ರಂಜಾನಿಗೂ ನಮಾಜು ಮುಗಿದ ಮೇಲೆ ಶಾವಿಗೆಯ ಸುರಕುಂಬಾ ತರುವುದು ನಿನಗೆ ಗೊತ್ತು. ಡಬ್ಬಿ ಬೆನ್ನ ಹಿಂದೆ ಹಿಡಿದು, "ಮೊದಲ ಈದ್ ಮುಬಾರಕ್ ಅನ್ರಿ, ಆಮ್ಯಾಲ ಡಬ್ಬಿ" ಎಂದು ಬಾಗಿಲಲ್ಲೇ ಸತಾಯಿಸುತ್ತಾಳೆ. ಏಳು ವರ್ಷದ ಕೂಸಾಗಿದ್ದಾಗಿನಿಂದ ಹಾಗೆಯೇ. ಈ ಸಲವೂ ಬಂದಳು. ಅವಳ ಹೆಸರು ಊರೆಲ್ಲ ತಿರುಗಿದ ಮರುದಿನವೂ ಬಂದಳು. "ಚಿಗವ್ವ" ಎಂದು ಮೂರು ಸಲ ಕರೆದಳು. ನಾನು ಕದದ ಹಿಂದೆ ಅಗಳಿಯ ಮೇಲೆ ಕೈಯಿಟ್ಟು ನಿಂತಿದ್ದೆ. ಓಣಿಯಲ್ಲಿ ಮಂದಿ ಇದ್ದರು. ಮುಬಾರಕ್ ಎಂದದ್ದು ಯಾರಿಗಾದರೂ ಕೇಳಿಸಿದರೆ ಎಂದು ಅಗಳಿ ತೆಗೆಯಲಿಲ್ಲ. ಆಮೇಲೆ ಅವಳು ಕದಕ್ಕೆ ಬಾಯಿ ಹತ್ತಿರ ತಂದು, "ಅನ್ನೂದ ಬ್ಯಾಡ ಚಿಗವ್ವ. ಡಬ್ಬಿ ಇಲ್ಲೇ ಇಟ್ಟೀನಿ," ಎಂದು ಹೋದಳು.

ಮನೆಯಲ್ಲಿ ಇಲ್ಲ ಎಂದು ತಿಳಿದಿರಬಹುದು, ಸುಮ್ಮನೆ ಅಂದಿರಬಹುದು ಎಂದು ಹತ್ತು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಂಗಳವಾರ ನನ್ನನ್ನು ಉಳಿಸಲೆಂದೇ, ನನ್ನ ಮೇಲಿನ ಪ್ರೀತಿಯಿಂದಲೇ ಸಹಿ ಮಾಡಿದಳು ಎಂದೂ ನಂಬಿಕೊಂಡಿದ್ದೆ. ಶುಕ್ರವಾರ ಹೊರಡುವಾಗ ಕೇಳಿಯೇಬಿಟ್ಟೆ: "ಯಾಕ ಸಹಿ ಮಾಡಿದೆವ್ವ? ನನ್ನ ಕಡಿ ಒಮ್ಮೆರ ನೋಡಬಾರದಿತ್ತೇನು? ನೋಡಿದ್ರ ಬಾಯಿ ಬಿಡ್ತಿದ್ದೆನೋ ಏನೋ."

ಅವಳು ಚಹಾದ ಕಪ್ಪು ಎತ್ತಿಕೊಳ್ಳುತ್ತ, ಸಿಟ್ಟಿಲ್ಲದೆ ಅಂದಳು, "ಈದಿನ ದಿನ ನಿಮ್ಮ ಚಪ್ಪಲ್ ಬಾಗಲ ಮುಂದ ಇದ್ದುವು ಚಿಗವ್ವ. ನನ್ನೊಬ್ಬಾಕಿ ಮುಂದ ಕದ ತಗೀಲಾರದಾಕಿ, ಅಷ್ಟ ಮಂದಿ ಮುಂದ ಬಾಯಿ ತಗೀತೀರಂತ ನಾ ಹ್ಯಾಂಗ ನೋಡ್ಲಿ?"